ತಾರಸಿ ತೋಟದ ಅಕ್ಕೋರು

ಅವರು ಮೊದಲ ಸಲ ನಮ್ಮ ಮನೆಯ ಬೆಲ್ ಒತ್ತಿದಾಗ ಅವರ ಕೈಯಲ್ಲಿ ಸತ್ತ ಪುದೀನ ಗಿಡವೊಂದಿತ್ತು. ಗಿಡ ನನ್ನದೇ. ಹಿಂದಿನ ಸಂಜೆ ಅದನ್ನು ಕುಂಡದ ಸಮೇತ ಬೇಸ್‌ಮೆಂಟಿನ ಕಸದ ಡಬ್ಬಿಯ ಪಕ್ಕ ಇಟ್ಟು ಬಂದಿದ್ದೆ. ಹಸಿಕಸವೋ ಒಣಕಸವೋ ತೀರ್ಮಾನವಾಗದೆ ಡಬ್ಬಿಯೊಳಗೆ ಹಾಕಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ಐವತ್ತೈದರ ಆಸುಪಾಸು ಇರಬಹುದು. ಹತ್ತಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಣೆಯಲ್ಲಿ ಅರ್ಧ ಅಳಿಸಿದ ವಿಭೂತಿ. ಅಸೋಸಿಯೇಷನ್ನಿನವರು, ಕಸದ ವಿಷಯಕ್ಕೆ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ.

“ಇದು ನಿಮ್ಮನೀದೇನ್ರಿ? ಸೆಕ್ಯೂರಿಟಿ ಹುಡುಗ ನಿಮ್ಮನೀದ ಅಂದ.”

ದನಿ ಒಡೆದಿತ್ತು. ಪಿಸುಮಾತಿಗಿಂತ ಸ್ವಲ್ಪ ಮೇಲೆ, ಅಷ್ಟೆ.

“ಹೌದು ಆಂಟಿ. ಸಾರಿ, ಈಗ್ಲೇ ತೆಗೆದ್ಬಿಡ್ತೀನಿ.”

“ತೆಗಿಯೂದಿರ್ಲಿ. ಹೆಂಗ ಸತ್ತಿತು, ಅದನ್ನ ಹೇಳ್ರಿ.”

ಗೊತ್ತಿಲ್ಲ ಎಂದೆ. ದಿನಾ ನೀರು ಹಾಕುತ್ತಿದ್ದೆ, ಆದರೂ ಸತ್ತಿತು ಎಂದೆ. ಅವರ ಮುಖದಲ್ಲಿ ನಿರಾಸೆ ಕಾಣಿಸಿತು.

“ನಮ್ಮನ್ಯಾಗೂ ಸತ್ತಾವ್ರಿ, ಪುದೀನ, ತುಳಸಿ ಎಲ್ಲಾ. ನಿಮಗೇನರ ಗೊತ್ತಿದ್ರ ನಾನೂ ಕಲೀಬಹುದು ಅಂತ ಬಂದೆ.”

ಹಾಗೆ ಹೇಳಿ ಅವರು ಲಿಫ್ಟಿನ ಎದುರು ನೆಲದ ಮೇಲೆಯೇ ಪೇಪರ್ ಹಾಸಿ ಕುಳಿತು ಕುಂಡವನ್ನು ಬೋರಲು ಹಾಕಿದರು. ಮಣ್ಣು ಮುದ್ದೆಯಾಗಿ ಕೆಳಗೆ ಬಿತ್ತು. ಬೇರು ಕಪ್ಪಾಗಿತ್ತು, ಚರಂಡಿಯ ವಾಸನೆ ಬರುತ್ತಿತ್ತು. ಅವರು ಕುಂಡವನ್ನು ಎತ್ತಿ ಬೆಳಕಿಗೆ ಹಿಡಿದು ಅದರ ತಳ ನೋಡಿದರು. ನಮ್ಮ ಆಫೀಸಿನಲ್ಲಿ ಯಾವುದೋ ಹಬ್ಬಕ್ಕೆ ಎಲ್ಲರಿಗೂ ಕೊಟ್ಟಿದ್ದ ಪಿಂಗಾಣಿ ಕುಂಡ ಅದು. ತಳದಲ್ಲಿ ತೂತೇ ಇರಲಿಲ್ಲ.

“ಮುಳುಗಿ ಸತ್ತೈತಿ” ಎಂದು ನಕ್ಕರು. ಆಮೇಲೆ ತಟ್ಟನೆ ನಗು ನಿಲ್ಲಿಸಿ, “ತಡೀರಿ, ನಮ್ಮನ್ಯಾಗಿನ ಕುಂಡಕ್ಕೂ ತೂತ ಇಲ್ಲ ಅನಸ್ತೈತಿ” ಎನ್ನುತ್ತ ಎದ್ದು ಎದುರು ಮನೆಗೆ ಓಡಿದರು. ನಾಲ್ಕನೇ ಮಹಡಿಯಲ್ಲಿ ನಮ್ಮ ಎದುರಿನ ಮನೆಯೇ ಅವರದು ಎಂದು ನನಗೆ ಗೊತ್ತಾದದ್ದೂ ಆಗಲೇ.

ಅವರು ಈಗಿಲ್ಲ. ಅವರ ಬಗ್ಗೆ ಬರೆಯಲು ಕುಳಿತರೆ ಮೊದಲು ನೆನಪಿಗೆ ಬರುವುದು ಆ ಓಟ.

ಆಂಟಿ ಎಂದು ಕರೆಸಿಕೊಳ್ಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಗದಗಿನ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವರು ಮದುವೆಗೆ ಮುಂಚೆ ಅಲ್ಲಿ, ಆಮೇಲೆ ಇಲ್ಲಿ ವೈಟ್‌ಫೀಲ್ಡಿನ ಶಾಲೆಯೊಂದರಲ್ಲಿ ಬಹಳ ವರ್ಷ ಗಣಿತ ಹೇಳಿದವರು. ನಾನೂ ಅಕ್ಕೋರೇ ಎಂದೆ, ಕಟ್ಟಡದವರೆಲ್ಲರ ಬಾಯಲ್ಲೂ ಅದೇ ಉಳಿಯಿತು. ಶಾಲೆಯಲ್ಲಿ ಕಿರುಚಿ ಕಿರುಚಿ ಗಂಟಲಿನಲ್ಲಿ ಗಂಟುಗಳಾಗಿ, ಆಪರೇಷನ್ ಆಗಿ, ಇನ್ನು ಮೇಲೆ ಗಟ್ಟಿಯಾಗಿ ಮಾತಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಕೆಲಸ ಬಿಟ್ಟಿದ್ದರು. “ಮಾತಾಡಬ್ಯಾಡ ಅಂದ್ರು. ಮಾತ ಬ್ಯಾಡದ ಕೆಲಸ ಯಾವುದೈತಿ ಅಂತ ಹುಡುಕಿದೆ. ಗಿಡಾ ಸಿಕ್ಕವು” ಎನ್ನುತ್ತಿದ್ದರು. ಆದರೆ ಗಿಡಗಳ ಜತೆಗೂ ಅವರು ಸುಮ್ಮನಿರುತ್ತಿರಲಿಲ್ಲ. ಆ ಒಡೆದ ದನಿಯಲ್ಲಿ ಒಂದೊಂದನ್ನೂ ವಿಚಾರಿಸಿಕೊಳ್ಳುತ್ತಿದ್ದರು.

ಅವರ ಮಾತಿನ ಧಾಟಿ ಕೇಳಿದವರೆಲ್ಲ ಇವರು ಹೊಲ ಗದ್ದೆ ಕಂಡವರು ಎಂದೇ ತಿಳಿಯುತ್ತಿದ್ದರು. “ನಿಮ್ಗೆ ಇದೆಲ್ಲ ಗೊತ್ತೇ ಇರತ್ತೆ ಬಿಡಿ ಮೇಡಂ” ಎಂದು ಯಾರಾದರೂ ಅಂದರೆ ಅವರಿಗೆ ರೇಗುತ್ತಿತ್ತು. “ನಮ್ಮಪ್ಪ ಪೋಸ್ಟ್ ಆಫೀಸಿನ್ಯಾಗ ಇದ್ರು. ಬಾಡಿಗಿ ಮನಿ, ಅಂಗಳಕ್ಕ ಕಲ್ಲ ಹಾಸಿತ್ತು. ನನಗೂ ಏನೂ ಗೊತ್ತಿಲ್ಲ, ಬರ್ರಿ, ಕೂಡಿ ಕಲಿಯೂಣು” ಎನ್ನುತ್ತಿದ್ದರು. ನಾನಂತೂ ಪೀಣ್ಯದ ಸರ್ಕಾರಿ ಕಾರ್ಖಾನೆಯ ಕೆಲಸಗಾರನ ಮಗಳು. ನಮ್ಮ ಮನೆಯಲ್ಲಿ ಮಣ್ಣು ಎಂದರೆ ಅಪ್ಪನ ಬೂಟಿಗೆ ಅಂಟಿಕೊಂಡು ಬರುತ್ತಿದ್ದದ್ದು ಮಾತ್ರ.

ಹೀಗೆ ಇಬ್ಬರು ಏನೂ ತಿಳಿಯದವರು ವರ್ತೂರಿನ ಒಂದು ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ಪೇಂಟ್ ಬಕೆಟ್ಟುಗಳಿಗೆ ಕಾಯಿಸಿದ ಕಂಬಿಯಿಂದ ತೂತು ಕೊರೆಯುತ್ತ ಶುರು ಮಾಡಿದೆವು. ಮೊದಲು ಪ್ರಯತ್ನಿಸಿದ್ದ ನಮ್ಮ ಬಾಲ್ಕನಿ ಉತ್ತರಕ್ಕಿತ್ತು, ಅಲ್ಲಿ ಬಿಸಿಲು ಬರುತ್ತಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಬಾಲ್ಕನಿಯಲ್ಲಿ ಎರಡು ಸಲ ಟೊಮೆಟೊ ಸಸಿಗಳು ದಾರದ ಹಾಗೆ ಉದ್ದವಾಗಿ ಬೆಳೆದು ಮಗುಚಿಕೊಂಡಿದ್ದವು.

ಮೊದಲ ವರ್ಷ ನಾವು ಮಾಡದ ತಪ್ಪಿಲ್ಲ. ನರ್ಸರಿಯಿಂದ ತಂದ ಕೆಂಪು ಮಣ್ಣನ್ನು ಹಾಗೆಯೇ ತುಂಬಿದೆವು. ಎರಡು ಬಿಸಿಲಿಗೆ ಅದು ಇಟ್ಟಿಗೆಯಾಯಿತು. ಅಡುಗೆ ಮನೆಯ ಡಬ್ಬಿಯಿಂದ ಕೊತ್ತಂಬರಿ ಬೀಜ ಉದುರಿಸಿ ವಾರಗಟ್ಟಲೆ ಕಾದೆವು. ಬೀಜವನ್ನು ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಿದರೆ ಚೆನ್ನಾಗಿ ಹುಟ್ಟುತ್ತದೆಂದು ಆಮೇಲೆ ತಿಳಿಯಿತು. ಗೊಬ್ಬರ ಜಾಸ್ತಿ ಸುರಿದ ಬಕೆಟ್ಟಿನಲ್ಲಿ ಬದನೆ ಗಿಡ ಛತ್ರಿಯ ಹಾಗೆ ಎಲೆ ಬಿಟ್ಟಿತು, ಒಂದು ಹೂವೂ ಬಿಡಲಿಲ್ಲ. ಬಂದ ನಾಲ್ಕು ಪಾಲಕ್ ಎಲೆಯನ್ನು ಪಾರಿವಾಳಗಳು ನಮಗಿಂತ ಮುಂಚೆ ತಿಂದವು. ಮೆಂತ್ಯ ಮಾತ್ರ ನಮ್ಮ ಮರ್ಯಾದೆ ಉಳಿಸಿತು. ಬೆರಳುದ್ದ ಬಂದ ಮೆಂತ್ಯವನ್ನು ಅಕ್ಕೋರು ಬೇರು ಸಮೇತ ಕಿತ್ತು ತೊಳೆದು, ಉಪ್ಪು ಶೇಂಗಾ ಪುಡಿ ಹಚ್ಚಿ, ಜೋಳದ ರೊಟ್ಟಿಯ ಜತೆ ಹಸಿಯಾಗಿಯೇ ತಿಂದರು. ನನಗೂ ತಿನ್ನಿಸಿದರು.

ಗಿಡ ಸತ್ತಾಗ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ ಎಂದಲ್ಲ. ಆದರೆ ಬೇಸರಕ್ಕಿಂತ ಮುಂಚೆ ಅವರಿಗೆ ಕಾರಣ ಬೇಕಾಗಿತ್ತು. ಸತ್ತ ಗಿಡವನ್ನು ಹಾಗೆಯೇ ಎಸೆಯಲು ಬಿಡುತ್ತಿರಲಿಲ್ಲ. ಬೇರು ನೋಡಬೇಕು, ಎಲೆಯ ಹಿಂಬದಿ ನೋಡಬೇಕು, ಮಣ್ಣಿಗೆ ಬೆರಳು ಹಾಕಿ ನೋಡಬೇಕು. ನಾನು “ಏನಾಯ್ತು ಅಕ್ಕೋರೇ ಇದಕ್ಕೆ?” ಎಂದರೆ ಉತ್ತರ ಕೊಡುತ್ತಿರಲಿಲ್ಲ. “ನೀ ಏನ ನೋಡಿದಿ, ಮೊದಲ ಅದನ್ನ ಹೇಳು ತಂಗಿ” ಎನ್ನುತ್ತಿದ್ದರು. ಗಣಿತದ ಟೀಚರರ ಅಭ್ಯಾಸ. ನಾನು ತಡವರಿಸುತ್ತ, ಎಲೆ ಹಳದಿಯಾಗಿದೆ, ಕೆಳಗಿನ ಎಲೆ ಮಾತ್ರ, ಮೇಲಿನದು ಹಸಿರಾಗಿದೆ ಎಂದೆಲ್ಲ ಹೇಳುವಷ್ಟರಲ್ಲಿ ಅರ್ಧ ಉತ್ತರ ನನಗೇ ಹೊಳೆದಿರುತ್ತಿತ್ತು. ಹೊಳೆಯದಿದ್ದರೆ, “ನನಗೂ ತಿಳೀಲಿಲ್ಲ ನೋಡು” ಎಂದು ಒಪ್ಪಿಕೊಳ್ಳುತ್ತಿದ್ದರು. ಅದನ್ನು ಹೇಳುವಾಗ ಅವರಿಗೆ ಸ್ವಲ್ಪವೂ ಸಂಕೋಚವಿರಲಿಲ್ಲ.

ಫೋನಿನಲ್ಲಿ ತಾರಸಿ ತೋಟದ ವಿಡಿಯೊಗಳನ್ನು ನೋಡುತ್ತಿದ್ದರು, ಆದರೆ ಅವುಗಳ ಮೇಲೆ ನಂಬಿಕೆ ಇರಲಿಲ್ಲ. “ಇವರ ಗಿಡಾ ಒಂದೂ ಸಾಯೂದ ಇಲ್ಲ ನೋಡು. ಇಂಥವರ ಹತ್ತರ ಏನ ಕಲೀಲಿ?” ಎಂದು ಫೋನ್ ಬದಿಗಿಡುತ್ತಿದ್ದರು.

ಒಮ್ಮೆ ನಮ್ಮ ರಸ್ತೆಯಲ್ಲಿ ಸೊಪ್ಪು ಮಾರುವ ಮುದುಕಪ್ಪನೊಬ್ಬ ಕೆರೆಯ ಗೋಡುಮಣ್ಣು ಬೇಕಾ ಎಂದು ಕೇಳಿದ. ಹುಟ್ಟಿದಾಗಿನಿಂದ ವರ್ತೂರಿನಲ್ಲೇ ಇದ್ದವನು. “ನಮ್ ಕಾಲ್ದಾಗೆ ಈ ಕೆರೆ ಮಣ್ಣು ಒಂದ್ ಗಾಡಿ ಆಕುದ್ರೆ ರಾಗಿ ಇಂಗೆ ಬರೋದು ಕಣಕ್ಕ” ಎಂದು ಎದೆಯ ಮಟ್ಟಕ್ಕೆ ಕೈ ತೋರಿಸಿದ. ಅಕ್ಕೋರು ಒಂದು ಹಿಡಿ ತರಿಸಿ ಮೂಸಿ ನೋಡಿದರು. ಮಳೆ ಬಂದಾಗ ಕೆರೆಯ ಕಡೆಯಿಂದ ಬರುತ್ತಿದ್ದ ಅದೇ ಕೊಳಚೆ ವಾಸನೆ.

“ಈಗ ನಿಮ್ಮ ಹೊಲಕ್ಕ ಹಾಕತೀರೇನು?” ಎಂದು ಕೇಳಿದರು.

“ಈಗೆಲ್ಲಿ ಒಲ ಅಕ್ಕ, ಬಿಲ್ಡಿಂಗ್ ಆಯ್ತಲ್ಲ. ಇದ್ದಿದ್ರೂ ಆಕ್ತಿರಲಿಲ್ಲ ಬಿಡು” ಎಂದ. ಇಬ್ಬರೂ ನಕ್ಕರು. ಮಣ್ಣು ಬೇಡವೆಂದು ಹೇಳಿ ಅವನಿಗೆ ಚಹಾ ಕೊಟ್ಟು ಕಳಿಸಿದರು. ಆದರೂ ಆ ದಿನವೆಲ್ಲ ಅವರು ಅದನ್ನೇ ಮಾತಾಡಿದರು. ಮಣ್ಣು ಸಾಯುವುದನ್ನು ಬೇರು ನೋಡಿದ ಹಾಗೆ ನೋಡಲು ಬರುವುದಿಲ್ಲವಲ್ಲ ಎಂದರು.

ಅವರ ಯಜಮಾನರು ಬೊಮ್ಮಸಂದ್ರದ ಔಷಧ ಕಾರ್ಖಾನೆಯೊಂದರಲ್ಲಿದ್ದರು. ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಬರುತ್ತಿದ್ದರು. ಮಾತು ಕಡಿಮೆ. ಹೆಂಡತಿಯ ತೋಟವನ್ನು ‘ನಿಮ್ಮ ಸಾಲಿ’, ಅಂದರೆ ಶಾಲೆ, ಎನ್ನುತ್ತಿದ್ದರು. ಭಾನುವಾರ ಮೇಲೆ ಬಂದರೆ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, “ಛಲೋ ಆಗೈತಿ” ಎಂದು ಇಳಿದು ಹೋಗುತ್ತಿದ್ದರು. “ಏನ್ರೀ, ಈ ಚೀಲರ ಸ್ವಲ್ಪ ಹಿಡಕೋರಿ” ಎಂದು ಅಕ್ಕೋರು ಅಂದರೆ, “ದಿನಾ ಎರಡ ಕೈಗೂ ಗ್ಲೌಸ್ ಹಾಕ್ಕೊಂಡ ಕೆಲಸ ಮಾಡಾಂವ ನಾನು. ಮಣ್ಣ ಮುಟ್ಟಿದ್ರ ನಮ್ಮ ಕ್ವಾಲಿಟಿಯವರು ಹೊರಗ ಹಾಕ್ತಾರ” ಎನ್ನುತ್ತಿದ್ದರು. ಹೀಗೆ ಹೇಳುತ್ತಲೇ ಚೀಲ ಎತ್ತಿ ಇಡುತ್ತಿದ್ದರು.

ಎರಡನೇ ವರ್ಷ ತೋಟ ಕಣ್ಣು ಬಿಟ್ಟಿತು. ಮಣ್ಣಿಗೆ ತೆಂಗಿನ ನಾರಿನ ಪುಡಿ, ಮನೆಯ ಕಸದಿಂದಲೇ ಮಾಡಿದ ಗೊಬ್ಬರ ಬೆರೆಸಲು ಕಲಿತಿದ್ದೆವು. ಕಟ್ಟಡದ ಬೇರೆ ಮನೆಗಳವರೂ ಒಬ್ಬೊಬ್ಬರಾಗಿ ಬಕೆಟ್ ತಂದಿಟ್ಟರು. ದೊಡ್ಡಪತ್ರೆ, ಕರಿಬೇವು, ಮೆಣಸಿನಕಾಯಿ, ಪುದೀನ, ಸೌತೆ, ಟೊಮೆಟೊ, ಒಂದು ಮೂಲೆಯಲ್ಲಿ ಹಳೆಯ ನೀರಿನ ಟಬ್ಬಿನಲ್ಲಿ ಅಕ್ಕೋರ ಕುಂಬಳ. ಕುಂಬಳದ ಹೂವುಗಳು ಅರಳಿ ಅರಳಿ ಉದುರಿ ಹೋಗುತ್ತಿದ್ದವು. ಅವರು ಕೆಲವು ದಿನ ಕುರ್ಚಿ ಹಾಕಿಕೊಂಡು ಅದರ ಎದುರೇ ಕುಳಿತರು. ಆಮೇಲೆ ನನಗೆ ಹೇಳಿಕಳಿಸಿ, ಗಂಡು ಹೂವು ಯಾವುದು, ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣು ಹೂವು ಯಾವುದು ತೋರಿಸಿದರು. “ಇಷ್ಟ ಮ್ಯಾಲ ಜೇನಹುಳ ಬರೂದಿಲ್ಲ. ಬ್ರೋಕರ್ ಕೆಲಸ ನಾನ ಮಾಡಬೇಕು” ಎಂದು ರಜೆಗೆ ಬಂದಿದ್ದ ಮೊಮ್ಮಗಳು ಬಿಟ್ಟುಹೋಗಿದ್ದ ಚಿತ್ರದ ಕುಂಚದಿಂದ ಗಂಡು ಹೂವಿನ ಪರಾಗ ತೆಗೆದು ಹೆಣ್ಣು ಹೂವಿಗೆ ಸವರಿದರು. ಕಾಯಿ ನಿಂತಿತು. ನಿಂಬೆಹಣ್ಣಿನಷ್ಟಾದಾಗ ಎಲ್ಲರನ್ನೂ ಕರೆದು ತೋರಿಸಿದರು.

ಆ ಬೇಸಿಗೆಯಲ್ಲೇ ನೀರು ಹೋದದ್ದು.

ನಮ್ಮ ಬೋರ್‌ವೆಲ್ ಮೊದಲು ಕೆಸರು ಕೊಟ್ಟಿತು, ಆಮೇಲೆ ಗಾಳಿ ಕೊಟ್ಟಿತು, ಆಮೇಲೆ ಅದೂ ಇಲ್ಲ. ಟ್ಯಾಂಕರಿನವರು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಅಸೋಸಿಯೇಷನ್ನಿನವರು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ನೀರು ಬಿಡುತ್ತಿದ್ದರು. ಕಾರು ತೊಳೆಯಬಾರದು, ಗಿಡಗಳಿಗೆ ನಲ್ಲಿ ನೀರು ಹಾಕಬಾರದು ಎಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದರು. ಅಕ್ಕೋರು ಅದಕ್ಕೂ ಮುಂಚೆಯೇ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನಷ್ಟೇ ಮೇಲೆ ತರುತ್ತಿದ್ದರು. ನಾನೂ ತರುತ್ತಿದ್ದೆ. ಆದರೆ ತಾರಸಿಯಲ್ಲಿ ಒಂದು ನಲ್ಲಿ ಇತ್ತು. ನಮ್ಮ ಗುಂಪಿನಲ್ಲೇ ಒಬ್ಬರು ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಅದಕ್ಕೆ ಪೈಪ್ ಸಿಕ್ಕಿಸಿ ತಮ್ಮ ಸೌತೆ ಬಳ್ಳಿಗೆ ಬಿಟ್ಟುಕೊಳ್ಳುತ್ತಿದ್ದರು. ಒಮ್ಮೆ ಆ ಪೈಪ್ ಇನ್ನೂ ಒದ್ದೆಯಾಗಿ ಬಿದ್ದಿದ್ದನ್ನು ನಾನೂ ಅಕ್ಕೋರೂ ಒಟ್ಟಿಗೇ ನೋಡಿದೆವು. ಅದನ್ನು ಅಲ್ಲಿ ಬಿಟ್ಟವರು ಯಾರೆಂದೂ ನಮಗೆ ಗೊತ್ತಿತ್ತು. ಅಕ್ಕೋರು ಆ ಮನೆಗೆ ಹೋಗಿ ಬೇಡವೆಂದು ಹೇಳಿ ಬಂದರು. ಅದಾದ ಮೇಲೂ ಅದು ನಿಂತಿರಲಿಲ್ಲ.

ಒಂದು ಬೆಳಿಗ್ಗೆ ಮೂರನೇ ಮಹಡಿಯವರೊಬ್ಬರು ತಾರಸಿಗೆ ಹತ್ತಿ ಬಂದು ಹಸಿರಾಗಿ ನಿಂತ ತೋಟದ ಫೋಟೊ ತೆಗೆದು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ, ‘ನಮ್ಮ ಮನೆ ನಲ್ಲಿಯಲ್ಲಿ ಇವತ್ತು ಒಂದು ಹನಿ ಇಲ್ಲ’ ಎಂದು ಮಾತ್ರ ಬರೆದಿದ್ದರು. ಸಂಜೆಯೊಳಗೆ ಗುಂಪಿನಲ್ಲಿ ಓದಲಾಗದಂಥ ಮಾತುಗಳು ಬಂದವು. ಭಾನುವಾರ ಬೇಸ್‌ಮೆಂಟಿನಲ್ಲಿ, ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ಕರೆದರು.

ಮೂರನೇ ಮಹಡಿಯವರು ಎದ್ದು ನಿಂತು, “ನಮ್ಮಮ್ಮ ಬೆಡ್‌ರಿಡನ್. ದಿನಾ ಬಟ್ಟೆ ಒಗೀಬೇಕು, ಮೈ ಒರೆಸ್ಬೇಕು. ಮೊನ್ನೆ ಅವ್ರಿಗೆ ಮೈ ತೊಳ್ಸೋಕೆ ನೀರಿರಲಿಲ್ಲ. ಮೇಲ್ಗಡೆ ಕುಂಬಳಕಾಯಿಗೆ ಇದೆ. ಇದು ಹೆಂಗೆ ಅಂತ ಯಾರಾದ್ರೂ ಹೇಳ್ಬಿಡಿ ಸಾಕು” ಎಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ತೋಟದ ಕಡೆಯವರು ಒಂದು, ಬೇಡದವರು ಒಂದು. ಯಾರೋ ತಾರಸಿಗೆ ಬೀಗ ಹಾಕಿ ಎಂದರು, ಯಾರೋ ಅದು ಎಲ್ಲರ ತಾರಸಿ ಎಂದರು.

ಅಕ್ಕೋರು ಎದ್ದು ನಿಂತರು. ತುಟಿ ಅಲುಗಿದ್ದು ಕಂಡಿತು, ಮಾತು ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ. ಅವರು ಮತ್ತೆ ಪ್ರಯತ್ನಿಸಲಿಲ್ಲ. ಎರಡೂ ಕೈಗಳನ್ನು ಮುಂದೆ ಹೆಣೆದುಕೊಂಡು, ಗಲಾಟೆ ಮಾಡುವ ತರಗತಿಯ ಮುಂದೆ ನಿಂತವರ ಹಾಗೆ, ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಯಾರೋ, “ಮೇಡಂ ಏನೋ ಹೇಳ್ತಿದಾರೆ, ಸುಮ್ನಿರ್ರಪ್ಪ” ಎಂದರು. ಒಬ್ಬೊಬ್ಬರೇ ನಿಲ್ಲಿಸಿದರು. ಅವರ ದನಿ ಎಷ್ಟು ಸಣ್ಣದಿತ್ತೆಂದರೆ, ಕೇಳಬೇಕಾದರೆ ಕುರ್ಚಿ ಸರಿಸುವುದನ್ನೂ ಬಿಡಬೇಕಾಗಿತ್ತು. ಎಲ್ಲರೂ ಬಿಟ್ಟರು.

ಅವರು ಮೂರನೇ ಮಹಡಿಯವರ ಕಡೆಗೇ ನೋಡುತ್ತ ಹೇಳಿದರು: “ನಿಮ್ಮ ತಾಯಿಯವರು ಹಾಸಿಗಿ ಹಿಡದಾರ ಅಂತ ನನಗ ಗೊತ್ತಿರಲಿಲ್ರಿ. ಲಿಫ್ಟ್ ಕೆಟ್ಟಾಗೆಲ್ಲಾ ನಿಮ್ಮ ಬಾಗಲಾ ದಾಟೇ ಮ್ಯಾಲ ಹೋಗೀನಿ. ಒಮ್ಮೆರ ಕೇಳಬೇಕಿತ್ತು, ಕೇಳಲಿಲ್ಲ.” ಆಮೇಲೆ ಎಲ್ಲರಿಗೂ: “ಮ್ಯಾಲಿನ ನಳಾ ಬಂದ್ ಮಾಡಸ್ರಿ. ನಾಳೆ ಮುಂಜಾನೆ ಗಿಡಾ ತಗೀತೀವಿ. ಅಕ್ಕಿ ತೊಳದ ನೀರಿನ್ಯಾಗ ಬದಕೂವಷ್ಟ ಇಟಗೋತೀವಿ. ನಳದ ನೀರ ಯಾರ ಹಾಕಿದ್ರು ಅಂತ ಕೇಳಬ್ಯಾಡ್ರಿ. ತ್ವಾಟ ಶುರು ಮಾಡಿದಾಕಿ ನಾನು.”

ಮೆಟ್ಟಿಲು ಹತ್ತುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. “ಪೈಪ್ ಹಾಕಿದ್ದು ಯಾರು ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ಅವ್ರೂ ಅಲ್ಲೇ ಕೂತಿದ್ರು. ನೀವ್ಯಾಕೆ ತಲೆ ಮೇಲೆ ಹಾಕ್ಕೊಂಡ್ರಿ?”

“ಹೆಸರ ಹೇಳಿದ್ರ ಆ ಅಜ್ಜಿಗೆ ನೀರ ಬರ್ತಿತ್ತೇನು?” ಎಂದರು. ಉಸಿರು ಹತ್ತಿತ್ತು, ಕಂಬಿ ಹಿಡಿದುಕೊಂಡು ಹತ್ತಿದರು.

ಮರುದಿನ ಬೆಳಿಗ್ಗೆ ಎಲ್ಲರೂ ತಾರಸಿಯಲ್ಲಿ ಸೇರಿದೆವು. ಯಾವುದು ನೀರು ಹೆಚ್ಚು ಕುಡಿಯುವ ಗಿಡ, ಯಾವುದು ಕಡಿಮೆಯಲ್ಲಿ ತಾಳುತ್ತದೆ ಎಂದು ಅವರು ಬೆರಳು ತೋರಿಸುತ್ತ ಹೋದರು. ಕರಿಬೇವು, ದೊಡ್ಡಪತ್ರೆ, ಮೆಣಸಿನಕಾಯಿ ಉಳಿದವು. ಟೊಮೆಟೊ, ಸೌತೆ, ಪಾಲಕ್ ಹೋಗಬೇಕಾಯಿತು. ಮೊದಲು ಅವರು ಕಿತ್ತದ್ದು ತಮ್ಮ ಕುಂಬಳವನ್ನು. ಬಳ್ಳಿ ಸುಲಭವಾಗಿ ಬರಲಿಲ್ಲ, ಅದರ ಎಳೆಗಳು ಟ್ಯಾಂಕಿನ ಕಬ್ಬಿಣದ ಏಣಿಗೆ ಸುತ್ತಿಕೊಂಡಿದ್ದವು. ಎಳೆಯದೆ, ಒಂದೊಂದಾಗಿ ಬಿಡಿಸಿದರು. ಸೌತೆ ಬಳ್ಳಿಯವರು ತಾವಾಗಿಯೇ ಮುಂದೆ ಬಂದು ತಮ್ಮ ಬಳ್ಳಿ ಕಿತ್ತರು. ಅವರ ಮುಖ ಕೆಂಪಾಗಿತ್ತು. ಯಾರೂ ಏನೂ ಕೇಳಲಿಲ್ಲ.

ಅಕ್ಕೋರು ಅಳಲಿಲ್ಲ. ಕೆಳಗೆ ಹೋಗಿ ಬಾಗಿಲು ಹಾಕಿಕೊಂಡವರು ಮಧ್ಯಾಹ್ನದವರೆಗೆ ತೆಗೆಯಲಿಲ್ಲ. ತೆಗೆದಾಗ ಕುಂಬಳದ ಕುಡಿ, ಹೂವು, ಆ ಎಳೆಯ ಕಾಯಿ ಎಲ್ಲ ಸೇರಿಸಿ ಪಲ್ಯ ಮಾಡಿದ್ದರು. ನನಗೊಂದು ಬಟ್ಟಲು ಕೊಟ್ಟು, ಇನ್ನೊಂದು ಬಟ್ಟಲು ಹಿಡಿದು ಮೂರನೇ ಮಹಡಿಗೆ ಇಳಿದರು.

ಮಾರನೆಯ ದಿನದಿಂದ ಅವರ ಯಜಮಾನರು ಬಸ್ಸಿಗೆ ಹೋಗುವ ಮುಂಚೆ ಒಂದು ಬಕೆಟ್ ನೀರನ್ನು ಮೂರನೇ ಮಹಡಿಯ ಬಾಗಿಲಲ್ಲಿ ಇಟ್ಟು ಹೋಗತೊಡಗಿದರು. ಆ ಮನೆಯವರು ಮೊದಲು ಬೇಡವೆಂದರು. ಅಕ್ಕೋರು ಆ ಮನೆಯಾಕೆಯ ಹತ್ತಿರ, “ನಮ್ಮನ್ಯಾಗ ಇಬ್ಬರ ಇರೂದು, ನಿಮ್ಮನ್ಯಾಗ ಐದ ಮಂದಿ. ನೀರ ಬಿಡೂದು ಮನಿ ಲೆಕ್ಕ. ಇದು ನಮ್ಮ ಪಾಲಲ್ಲ, ನಿಮ್ಮದ” ಎಂದರಂತೆ. ಆಮೇಲೆ ಅವರು ಬೇಡವೆನ್ನಲಿಲ್ಲ. ಖಾಲಿ ಬಕೆಟ್ಟನ್ನು ತೊಳೆದು, ಬಟ್ಟೆಯಿಂದ ಒರೆಸಿ ಹಿಂದಕ್ಕೆ ತಂದಿಡುತ್ತಿದ್ದರು. ಕೆಲವು ದಿನ ಅಕ್ಕೋರೂ ಕೆಳಗೆ ಹೋಗಿ ಆ ಅಜ್ಜಿಯ ಪಕ್ಕ ಕುಳಿತು ಬರುತ್ತಿದ್ದರು. ಅಜ್ಜಿಗೆ ಕಿವಿ ಮಂದ, ಇವರಿಗೆ ದನಿ ಇಲ್ಲ. ಏನು ಮಾತಾಡುತ್ತೀರಿ ಎಂದು ನಾನು ಕೇಳಿದ್ದೆ. “ಕೈ ಹಿಡಕೊಂಡ ಕೂಡ್ತೀನಿ. ಅವರು ಅವರ ಊರಿನ ಸುದ್ದಿ ಹೇಳ್ತಾರ” ಎಂದರು.

ಮಳೆ ತಡವಾಗಿ ಬಂತು. ಅದಾದ ಕೆಲವು ದಿನಕ್ಕೆ ಮೂರನೇ ಮಹಡಿಯವರು ಪ್ಲಂಬರನ್ನು ಕರೆತಂದು, ಲಿಫ್ಟ್ ರೂಮಿನ ಮಾಡಿನಿಂದ ಇಳಿಯುವ ಮಳೆನೀರಿನ ಪೈಪಿಗೆ ಜೋಡಿಸಿ ತಾರಸಿಯಲ್ಲಿ ಎರಡು ದೊಡ್ಡ ಡ್ರಮ್ ಇಡಿಸಿದರು. ಅವರು ಕ್ಷಮೆ ಕೇಳಲಿಲ್ಲ. ಅಕ್ಕೋರು ಅದನ್ನು ಕಾದಿರಲೂ ಇಲ್ಲ. ಇಬ್ಬರೂ ಡ್ರಮ್ಮಿನ ಮುಚ್ಚಳಕ್ಕೆ ಸೊಳ್ಳೆ ಬಲೆ ಕಟ್ಟುವುದು ಹೇಗೆಂದು ಬಹಳ ಹೊತ್ತು ಚರ್ಚೆ ಮಾಡಿದರು. ಮೂರನೇ ಮಹಡಿಯವರು ಇವತ್ತಿನವರೆಗೂ ಒಂದು ಗಿಡ ಬೆಳೆಸಿಲ್ಲ. ಡ್ರಮ್ ಮಾತ್ರ ಪ್ರತಿ ಮಳೆಗಾಲಕ್ಕೆ ಮುಂಚೆ ತೊಳೆಸುತ್ತಾರೆ.

ನಾವು ಮತ್ತೆ ಬೀಜದಿಂದ ಶುರು ಮಾಡಿದೆವು. ಆ ಸಲ ತಪ್ಪುಗಳು ಬೇರೆ ಇದ್ದವು.

ಯಜಮಾನರು ನಿವೃತ್ತರಾದ ಮೇಲೆ ಅವರಿಬ್ಬರೂ ಧಾರವಾಡಕ್ಕೆ ಹೋದರು. ಮಗಳು, ಮೊಮ್ಮಗಳು ಹುಬ್ಬಳ್ಳಿಯಲ್ಲಿದ್ದರು, ಹತ್ತಿರವಾಗುತ್ತದೆ ಎಂದು ಅಲ್ಲಿ ಸಣ್ಣದೊಂದು ಮನೆ ಕೊಂಡಿದ್ದರು. ಲಾರಿಗೆ ಸಾಮಾನು ಹೇರುವಾಗ ಒಂದು ಬಕೆಟ್ಟನ್ನೂ ಅವರು ಒಯ್ಯಲಿಲ್ಲ. ಹಿತ್ತಲಿನಲ್ಲಿ ನಿಜವಾದ ನೆಲ ಇದೆ, ಬಕೆಟ್ ಯಾಕೆ ಎಂದರು.

ಆ ನಿಜವಾದ ನೆಲ ಅವರನ್ನು ಚೆನ್ನಾಗಿ ಆಟವಾಡಿಸಿತು. ಕಪ್ಪು ಎರೆ ಮಣ್ಣು. ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತಿತ್ತು, ಮಳೆಗೆ ಕಾಲು ಹೂತು ಹೋಗುತ್ತಿತ್ತು. ಫೋನ್ ಮಾಡಿ, “ಬಕೆಟ್ಟಿನ್ಯಾಗ ಕಲತದ್ದೆಲ್ಲಾ ಇಲ್ಲೆ ಸುಳ್ಳಾತು ತಂಗಿ. ಸಾಲ್ಯಾಗ ಮತ್ತ ಒಂದನೇ ಇಯತ್ತಿಗೆ ಬಂದೀನಿ” ಎಂದು ನಗುತ್ತಿದ್ದರು. ಬೇಸರವಾದಂತೆ ಕೇಳುತ್ತಿರಲಿಲ್ಲ. ಮೊದಲು ಹಾಕಿದ್ದೆಲ್ಲ ಕೊಳೆಯಿತು. ಆಮೇಲೆ ಮಣ್ಣನ್ನು ಏರಿಸಿ ಸಾಲು ಮಾಡಿ ಬದನೆ ನೆಟ್ಟರು. ಕೊನೆಯ ಸಲ ಮಾತಾಡಿದಾಗ ಅದೇ ವಿಷಯ. “ಹೂ ಬಿಟ್ಟಾವ. ಕಾಯಿ ಆದ ಮ್ಯಾಲ ಫೋಟೊ ಹಾಕತೀನಿ. ಈಗ ಯಾರಿಗೂ ಹೇಳಬ್ಯಾಡ.”

ಫೋಟೊ ಬರಲಿಲ್ಲ. ಮಗಳ ಫೋನ್ ಬಂತು. ಸ್ನಾನಕ್ಕೆ ಹೋಗುವಾಗ ಎದೆ ನೋವು ಎಂದರಂತೆ, ಆಸ್ಪತ್ರೆ ತಲುಪುವ ಮುಂಚೆಯೇ ಮುಗಿದಿತ್ತು. ನಮ್ಮ ಕಟ್ಟಡದ ಗುಂಪಿನಲ್ಲಿ ಸುದ್ದಿ ಹಾಕಿದೆ. ಮೂರನೇ ಮಹಡಿಯವರು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದು, ಸ್ವಲ್ಪ ಹೊತ್ತು ಕುಳಿತು ಎದ್ದು ಹೋದರು. ಅವರ ತಾಯಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಆಫೀಸಿನಲ್ಲಿ ರಜೆ ಸಿಕ್ಕದೆ ನಾನು ಧಾರವಾಡಕ್ಕೆ ಹೋಗುವುದು ತಡವಾಯಿತು. ಕಾರ್ಯಗಳೆಲ್ಲ ಮುಗಿದಿದ್ದವು. ಮಗಳು ಕೆಲಸಕ್ಕೆ ಹೋಗಿದ್ದರು, ರೊಟ್ಟಿ ಮಾಡಿಟ್ಟಿದ್ದರು. ಯಜಮಾನರೇ ಬಾಗಿಲು ತೆಗೆದರು. ಬಟ್ಟೆಯ ತುಂಬ ಒಣಗಿದ ಕಪ್ಪು ಮಣ್ಣು, ಉಗುರುಗಳ ಸಂದಿಯಲ್ಲೂ ಮಣ್ಣು. “ಬಾ ಯವ್ವಾ” ಎಂದು ಒಳಗೆ ಕರೆದು, ಕೈ ತೊಳೆದುಕೊಂಡು, ಊಟಕ್ಕೆ ತಟ್ಟೆ ಹಾಕಿದರು. ರೊಟ್ಟಿಯ ಜತೆ ಬದನೆಕಾಯಿ ಎಣ್ಣೆಗಾಯಿ.

“ಅಕಿ ಹಚ್ಚಿದ್ದ ಗಿಡದ್ದು. ನಾ ಮಾಡೀನಿ, ಹೆಂಗ ಆಗೇತೋ ಏನೋ” ಎಂದರು.

ಒಂದು ತುತ್ತು ಬಾಯಿಗಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಬಲತೈತಿ, ನನಗ ಗೊತ್ತು” ಎಂದರು. “ಹೊಳಪ ಹೋಗೂದರಾಗ ಹರೀಬೇಕು ಅಂತ ಅಕಿ ಹೇಳಿದ್ಲು. ದಿನಾ ಮುಂಜಾನೆ ಹೋಗಿ ನೋಡ್ತಿದ್ದೆ. ಹೊಳಪ ಇತ್ತು. ಹರಿಯಾಕ ಕೈ ಬರಲಿಲ್ಲ. ನೀ ಬರ್ತೀನಿ ಅಂತ ಫೋನ್ ಮಾಡಿದಿ, ಆಗ ಹರದೆ.”

ಬೀಜ ಹಲ್ಲಿಗೆ ಸಿಗುತ್ತಿತ್ತು, ಸಿಪ್ಪೆ ನಾರಾಗಿತ್ತು, ಸ್ವಲ್ಪ ಕಹಿಯೂ ಇತ್ತು. ಇನ್ನೊಂದು ಹಾಕಲೇ ಎಂದು ಕೇಳಿದರು. ಹಾಕಿ ಎಂದೆ. ಪಾತ್ರೆ ಖಾಲಿಯಾಗುವವರೆಗೆ ಇಬ್ಬರೂ ತಿಂದೆವು.